ಉದ್ದಗೆರೆಯೋ, ಅಡ್ಡಗೆರೆಯೋ: ಮೈಕ್ರೋಟೋಮ್ ಸೆಕ್ಷನ್ ಕೆಟ್ಟಾಗ ದೋಷ ಹುಡುಕುವ ಬಗೆ

ಜುಲೈ ತಿಂಗಳ ಮಡಿಕೇರಿ. ಬೆಳಿಗ್ಗೆ ಒಂಬತ್ತಾದರೂ ಲ್ಯಾಬಿನಲ್ಲಿ ಲೈಟ್ ಹಾಕಿಯೇ ಕೂರಬೇಕು. ಕಿಟಕಿ ತೆರೆದರೆ ಮಂಜು ಒಳಗೇ ಬಂದುಬಿಡುತ್ತದೆ. ಹೊಸದಾಗಿ ಸೇರಿದ ಹುಡುಗಿ ಅರ್ಧ ಗಂಟೆಯಿಂದ ಮೈಕ್ರೋಟೋಮ್ ಚಕ್ರ ತಿರುಗಿಸುತ್ತಿದ್ದಾಳೆ. ರೋಗಿಯ ದೇಹದಿಂದ ತೆಗೆದ ತುಂಡನ್ನು (ಟಿಶ್ಯೂ) ವ್ಯಾಕ್ಸಿನಲ್ಲಿ ಹೂತು ಮಾಡಿದ ಅಚ್ಚು ಬ್ಲಾಕ್. ಸೂಕ್ಷ್ಮದರ್ಶಕದಲ್ಲಿ ನೋಡಲು ಅದನ್ನು ತೆಳ್ಳಗೆ ಕತ್ತರಿಸುವ ಮಷೀನ್ ಮೈಕ್ರೋಟೋಮ್, ಕತ್ತರಿಸಿದ ತೆಳು ಪದರ ಸೆಕ್ಷನ್. ಕೊನೆಗೆ ಕರೆಯುತ್ತಾಳೆ: "ಅಕ್ಕಾ, ಸೆಕ್ಷನ್ ಬರ್ತಾನೇ ಇಲ್ಲ."

ನಾನು ಎದ್ದು ಹೋಗುವುದಿಲ್ಲ. ಕೂತಲ್ಲಿಂದಲೇ ಕೇಳುತ್ತೇನೆ: "ಏನಾಗ್ತಿದೆ ಹೇಳು. ಹರೀತಿದೆಯಾ, ಸುಕ್ಕಾಗ್ತಿದೆಯಾ, ಗೆರೆ ಬೀಳ್ತಿದೆಯಾ? ಗೆರೆ ಆದರೆ ಯಾವ ಕಡೆಗೆ ಓಡಿದೆ?"

ಈ ಕೊನೆಯ ಪ್ರಶ್ನೆಗಾಗಿಯೇ ಇಷ್ಟು ಬರೆಯುತ್ತಿದ್ದೇನೆ. ನಾನು ಕೆಲಸ ಕಲಿಯುವಾಗ ಸೆಕ್ಷನ್ ಕೆಟ್ಟರೆ ಬ್ಲೇಡ್ ಬದಲಿಸು ಎಂದಷ್ಟೇ ಹೇಳಿಕೊಟ್ಟಿದ್ದರು. ಬ್ಲೇಡ್ ಬದಲಿಸಿದರೂ ಸರಿಹೋಗದಿದ್ದರೆ ಬ್ಲಾಕನ್ನು ಮತ್ತೆ ಐಸ್ ಮೇಲೆ ಇಡುವುದು. ಅದೂ ಆಗದಿದ್ದರೆ ಮಷೀನ್ ಸರಿಯಿಲ್ಲ ಎನ್ನುವುದು. ಹೀಗೆ ಕುರುಡಾಗಿ ಹುಡುಕುತ್ತಾ ಹೋದರೆ ಬ್ಲೇಡೂ ಹಾಳು, ಟಿಶ್ಯೂ ಕೂಡ ಹಾಳು. ಎಂಡೋಸ್ಕೋಪಿಯಲ್ಲಿ ತೆಗೆದ ತುಂಡು ಅಕ್ಕಿ ಕಾಳಿಗಿಂತ ಚಿಕ್ಕದು. ಅದನ್ನು ಕತ್ತರಿಸಿ ಮುಗಿಸಿಬಿಟ್ಟರೆ ರೋಗಿಯನ್ನು ಮತ್ತೆ ಕರೆಸಿ, ಮತ್ತೆ ನಳಿಗೆ ಹಾಕಬೇಕಾಗುತ್ತದೆ. ದೋಷ ಎಲ್ಲಿದೆ ಎಂದು ಕೆಟ್ಟ ಸೆಕ್ಷನ್ನೇ ಹೇಳುತ್ತದೆ. ಅದನ್ನು ಎಸೆಯುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕು, ಅಷ್ಟೆ.

ನಾವು ಕತ್ತರಿಸುವುದು ಸಾಮಾನ್ಯವಾಗಿ 4 ಮೈಕ್ರಾನ್ ದಪ್ಪ. ಒಂದು ಕೆಂಪು ರಕ್ತಕಣದ ಅಗಲವೇ 7ರಿಂದ 8 ಮೈಕ್ರಾನ್. ಅಂದರೆ ನಮ್ಮ ಸೆಕ್ಷನ್ ರಕ್ತಕಣದ ಅಗಲದ ಅರ್ಧದಷ್ಟು ಮಾತ್ರ ದಪ್ಪ ಇರುತ್ತದೆ. ಇಷ್ಟು ತೆಳ್ಳಗೆ ಕತ್ತರಿಸುವಾಗ ಒಂದು ಸ್ಕ್ರೂ ಕೂದಲೆಳೆಯಷ್ಟು ಸಡಿಲ ಇದ್ದರೂ ಸೆಕ್ಷನ್‌ನಲ್ಲಿ ಕಾಣುತ್ತದೆ.

ಕೈ ಹಾಕುವ ಮುಂಚೆ

ಬ್ಲಾಕ್ ಮುಟ್ಟುವ ಮೊದಲು ಚಕ್ರ ಲಾಕ್ ಮಾಡಿ. ಬ್ಲೇಡ್ ಮೇಲೆ ಗಾರ್ಡ್ ಎಳೆಯಿರಿ. ದೋಷ ಹುಡುಕುವ ಗಡಿಬಿಡಿಯಲ್ಲೇ ಬೆರಳು ಕೊಯ್ದುಕೊಳ್ಳುವುದು ಜಾಸ್ತಿ. ಮನಸ್ಸು ಸೆಕ್ಷನ್ ಮೇಲಿರುತ್ತದೆ, ಕೈ ಬ್ಲೇಡ್ ಹತ್ತಿರ ಇರುತ್ತದೆ.

ಆಮೇಲೆ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬ್ಲೇಡ್, ಅದು ವಾಲಿದ ಕೋನ, ಐಸ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸೆಕ್ಷನ್ ಸರಿಯಾಗಬಹುದು. ಆದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ನಾಳೆ ಅದೇ ತೊಂದರೆ ಬಂದಾಗ ಮತ್ತೆ ಮೊದಲಿನಿಂದ ಶುರು.

ಕಲಿಯುತ್ತಿರುವವರು ರೋಗಿಗಳ ಬ್ಲಾಕ್ ಮೇಲೆ ಕೈ ಪಳಗಿಸಬಾರದು. ಮಾಂಸದಂಗಡಿಯಲ್ಲಿ ಆಡಿನ ಅಥವಾ ಹಂದಿಯ ಲಿವರ್ ಒಂದು ತುಂಡು ಕೇಳಿ ತನ್ನಿ. ನಮ್ಮೂರಲ್ಲಿ ಅದಕ್ಕೇನೂ ಬರವಿಲ್ಲ. ಲಿವರ್ ಎಲ್ಲ ಕಡೆ ಒಂದೇ ಹದ, ಅದಕ್ಕೇ ಕಲಿಯಲು ಒಳ್ಳೆಯದು. ಲಿವರ್ ಪಳಗಿದ ಮೇಲೆ ಕೊಬ್ಬಿರುವ ಹಂದಿಯ ಚರ್ಮ ತೆಗೆದುಕೊಳ್ಳಿ. ಗಟ್ಟಿ ಚರ್ಮ, ಅದರ ಕೆಳಗೇ ಮೆತ್ತನೆ ಕೊಬ್ಬು. ಇದನ್ನು ಹರಿಯದೆ ಕತ್ತರಿಸಲು ಬಂದರೆ ನಿಮಗೆ ಬ್ಲಾಕ್ ಕೊಡಲು ಯಾರೂ ಹೆದರುವುದಿಲ್ಲ.

ಜೊತೆಗೆ ಟಿಶ್ಯೂ ಇಲ್ಲದ ಖಾಲಿ ವ್ಯಾಕ್ಸ್ ಬ್ಲಾಕ್ ಒಂದನ್ನು ಸದಾ ಇಟ್ಟುಕೊಳ್ಳಿ. ಸೆಕ್ಷನ್ ಕೆಟ್ಟಿತೇ? ಅದೇ ಬ್ಲೇಡ್, ಅದೇ ಕೋನ, ಅದೇ ವೇಗದಲ್ಲಿ ಖಾಲಿ ಬ್ಲಾಕ್ ಕತ್ತರಿಸಿ. ಅದೂ ಕೆಟ್ಟರೆ ದೋಷ ಮಷೀನಿನಲ್ಲಿ, ಬ್ಲೇಡಿನಲ್ಲಿ ಅಥವಾ ನಿಮ್ಮ ಕೈಯಲ್ಲಿದೆ. ಅದು ಚೆನ್ನಾಗಿ ಬಂದರೆ ಮೊದಲು ಟಿಶ್ಯೂ ಕಡೆ ನೋಡಿ. ಎರಡು ನಿಮಿಷದ ಕೆಲಸ. ಇದರಿಂದ ನನಗೆ ಉಳಿದ ಸಮಯಕ್ಕೆ ಲೆಕ್ಕವಿಲ್ಲ.

ಉದ್ದಗೆರೆ

ಒಂದಕ್ಕೊಂದು ಅಂಟಿಕೊಂಡ ಸೆಕ್ಷನ್ನುಗಳ ಸಾಲು, ಅಂದರೆ ರಿಬ್ಬನ್, ಬ್ಲೇಡಿನಿಂದ ನಿಮ್ಮ ಕಡೆಗೆ ಇಳಿದು ಬರುತ್ತದೆ, ಅಲ್ವಾ? ಆ ರಿಬ್ಬನ್ ಉದ್ದಕ್ಕೂ, ಒಂದು ಸೆಕ್ಷನ್‌ನಿಂದ ಇನ್ನೊಂದಕ್ಕೆ ಅದೇ ಜಾಗದಲ್ಲಿ ಓಡುವ ಗೀರನ್ನು ನಾನು ಉದ್ದಗೆರೆ ಎನ್ನುತ್ತೇನೆ. ಕೆಲವು ಸಲ ರಿಬ್ಬನ್ ಅಲ್ಲೇ ಸೀಳಿ ಎರಡಾಗುತ್ತದೆ.

ಕಾರಣ ಎರಡೇ. ಬ್ಲೇಡಿನ ಅಂಚು ಒಂದು ಕಡೆ ಮುಕ್ಕಾಗಿದೆ ಅಥವಾ ಕೊಳೆಯಾಗಿದೆ. ಇಲ್ಲವೇ ಬ್ಲಾಕಿನೊಳಗೆ ಗಟ್ಟಿ ವಸ್ತು ಇದೆ. ಯಾವುದೆಂದು ತಿಳಿಯಲು ಬ್ಲೇಡನ್ನು ಪಕ್ಕಕ್ಕೆ ಒಂದು ಸೆಂಟಿಮೀಟರ್ ಸರಿಸಿ ಮತ್ತೆ ಕತ್ತರಿಸಿ. ಗೆರೆ ಮಾಯವಾದರೆ ಅಥವಾ ಬ್ಲೇಡಿನ ಜೊತೆ ಪಕ್ಕಕ್ಕೆ ಸರಿದರೆ ತಪ್ಪು ಬ್ಲೇಡಿನದು. ಗೆರೆ ಟಿಶ್ಯೂವಿನ ಅದೇ ಜಾಗದಲ್ಲಿ ಉಳಿದರೆ ತಪ್ಪು ಬ್ಲಾಕಿನೊಳಗಿದೆ.

ಬ್ಲೇಡಿನದೇ ಎಂದಾದರೆ ತಕ್ಷಣ ಎಸೆಯಬೇಡಿ. ಅಂಚಿನ ಹಿಂದೆ ವ್ಯಾಕ್ಸ್ ಚೂರು ಅಂಟಿರುವುದೇ ಹೆಚ್ಚು. ವ್ಯಾಕ್ಸ್ ಕರಗಿಸುವ ಕ್ಸೈಲೀನ್ ದ್ರವದಲ್ಲಿ ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಿಂದ ಕೆಳಗಿನಿಂದ ಅಂಚಿನ ಕಡೆಗೆ, ಮೇಲ್ಮುಖವಾಗಿ ಒಂದೇ ಸಲ ಒರೆಸಿ. ಅಂಚಿನ ಉದ್ದಕ್ಕೆ ಯಾವತ್ತೂ ಒರೆಸಬಾರದು. ಹಾಗೆ ಮಾಡಿದರೆ ಅಂಚೂ ಹೋಗುತ್ತದೆ, ಬೆರಳೂ ಹೋಗುತ್ತದೆ. ಒರೆಸಿದ ಮೇಲೂ ಗೆರೆ ಬಂದರೆ ಬ್ಲೇಡಿನ ಬೇರೆ ಭಾಗ ಬಳಸಿ. ಬ್ಲೇಡಿನ ಎಡ ಮೂರನೇ ಒಂದು ಭಾಗವನ್ನು ಟ್ರಿಮ್ಮಿಂಗ್‌ಗೆ (ಟಿಶ್ಯೂ ಪೂರ್ತಿ ಕಾಣುವವರೆಗೆ ಮೇಲಿನ ವ್ಯಾಕ್ಸ್ ದಪ್ಪಗೆ ಕತ್ತರಿಸಿ ತೆಗೆಯುವುದಕ್ಕೆ) ಇಟ್ಟುಕೊಂಡು, ಉಳಿದದ್ದನ್ನು ಒಳ್ಳೆಯ ಸೆಕ್ಷನ್‌ಗೆ ಕಾಪಾಡಿಕೊಳ್ಳುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ಬ್ಲಾಕಿನೊಳಗಿನದ್ದಾದರೆ ಮೊದಲು ಕಣ್ಣಿನಿಂದ ನೋಡಿ. ಹೊಲಿಗೆಯ ದಾರ ಇದ್ದರೆ ಸೂಕ್ಷ್ಮ ಚಿಮಟದಿಂದ ಎಳೆದು ತೆಗೆಯಬಹುದು. ಬಿಳಿ ಚುಕ್ಕೆ ಇದ್ದು, ಬ್ಲೇಡ್ ತಾಗಿದಾಗ ಮರಳು ಉಜ್ಜಿದ ಹಾಗೆ ಕರಕರ ಸದ್ದು ಬಂದರೆ ಅದು ಕ್ಯಾಲ್ಸಿಯಂ. ಆಗ ಬ್ಲೇಡ್ ಮೇಲೆ ಬ್ಲೇಡ್ ಹಾಕಿ ಪ್ರಯೋಜನವಿಲ್ಲ. ಕ್ಯಾಲ್ಸಿಯಂ ಕರಗಿಸುವ ಆಸಿಡ್‌ನಲ್ಲಿ ನೆನೆಸಿದ ಹತ್ತಿಯ ಮೇಲೆ ಬ್ಲಾಕಿನ ಮುಖ ಕೆಳಗೆ ಮಾಡಿ ಇಡಿ. ಹದಿನೈದು ನಿಮಿಷದಿಂದ ಒಂದು ಗಂಟೆ ಸಾಕಾಗುತ್ತದೆ. ಆಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಆಸಿಡ್ ಮಷೀನಿನ ಲೋಹ ತಿನ್ನುತ್ತದೆ. ನೆನಪಿಡಿ, ಆಸಿಡ್ ಇಳಿಯುವುದು ಮೇಲ್ಪದರಕ್ಕೆ ಮಾತ್ರ. ಮೊದಲ ಕೆಲವು ಸೆಕ್ಷನ್ ಮಾತ್ರ ಒಳ್ಳೆಯವು. ಅದಕ್ಕೇ ಬ್ಲಾಕನ್ನು ಮತ್ತೆ ಸಿಕ್ಕಿಸುವಾಗ ಮೊದಲಿದ್ದ ದಿಕ್ಕಿನಲ್ಲೇ, ಮೊದಲಿನಷ್ಟೇ ನೇರವಾಗಿ ಕೂರಬೇಕು. ವಾರೆಯಾದರೆ ಸರಿಮಾಡುವಷ್ಟರಲ್ಲಿ ಆ ಪದರವೇ ಮುಗಿದಿರುತ್ತದೆ.

ಅಡ್ಡಗೆರೆ

ಇದು ಬ್ಲೇಡಿನ ಅಂಚಿಗೆ ಸಮನಾಗಿ, ಅಡ್ಡಡ್ಡ ಬೀಳುವ ಪಟ್ಟಿ. ಹಂಚಿನ ಮಾಡಿನ ಸಾಲುಗಳ ಹಾಗೆ ಒಂದು ಪಟ್ಟಿ ದಪ್ಪ, ಒಂದು ತೆಳು. ಬಣ್ಣ ಹಾಕಿದ ಮೇಲೆ ಒಂದು ಗಾಢ, ಒಂದು ತಿಳಿ. ಇದಕ್ಕೆ ಬ್ಲೇಡಿನ ಮುಕ್ಕು ಕಾರಣವೇ ಅಲ್ಲ. ಕತ್ತರಿಸುವಾಗ ಏನೋ ಒಂದು ಅದುರುತ್ತಿದೆ ಎಂದು ಅರ್ಥ.

ಏನು ಅದುರುತ್ತಿದೆ? ನಾನು ಮೂರು ಜಾಗ ಮುಟ್ಟಿ ನೋಡುತ್ತೇನೆ. ಬ್ಲೇಡ್ ಬಿಗಿಯುವ ಹಿಡಿಕೆ, ಬ್ಲೇಡ್ ಹೋಲ್ಡರಿನ ಬುಡ, ಬ್ಲಾಕ್ ಹಿಡಿಯುವ ಕ್ಲ್ಯಾಂಪ್. ಮೂರೂ ಬಿಗಿ ಇದ್ದರೂ ಅಡ್ಡಗೆರೆ ಬರಬಹುದು. ಒಂದು ವರ್ಷ ಮಳೆಗಾಲದಲ್ಲಿ ಎರಡು ದಿನ ಒದ್ದಾಡಿದ್ದೆ. ಕೋನ ಬದಲಿಸಿದೆ, ಬ್ಲೇಡ್ ಬದಲಿಸಿದೆ, ವೇಗ ಕಡಿಮೆ ಮಾಡಿದೆ. ಕೆಲವು ಬ್ಲಾಕ್ ಸರಿ ಬರುತ್ತಿದ್ದವು, ಕೆಲವು ಬರುತ್ತಿರಲಿಲ್ಲ. ಸರಿ ಬಂದ ಬ್ಲಾಕನ್ನೂ ಕೆಟ್ಟ ಬ್ಲಾಕನ್ನೂ ಅಕ್ಕಪಕ್ಕ ಇಟ್ಟು ತಿರುಗಿಸಿ ನೋಡಿದಾಗ ಗೊತ್ತಾಯಿತು. ಕೆಟ್ಟ ಬ್ಲಾಕುಗಳ ಕ್ಯಾಸೆಟ್ (ಬ್ಲಾಕಿನ ಬೆನ್ನಿಗಿರುವ ಪ್ಲಾಸ್ಟಿಕ್ ಚೌಕಟ್ಟು) ಅಂಚಿನಲ್ಲಿ ವ್ಯಾಕ್ಸ್ ಹೆಪ್ಪುಗಟ್ಟಿತ್ತು. ಕ್ಲ್ಯಾಂಪ್ ಹಿಡಿದದ್ದು ಪ್ಲಾಸ್ಟಿಕ್ ಅಂಚನ್ನಲ್ಲ, ಆ ವ್ಯಾಕ್ಸನ್ನು. ವ್ಯಾಕ್ಸ್ ಮೆತ್ತಗೆ, ಒತ್ತಡಕ್ಕೆ ಜಗ್ಗುತ್ತದೆ. ಸ್ಕ್ರೇಪರ್‌ನಿಂದ ನಾಲ್ಕೂ ಅಂಚು ಕೆರೆದು ಹಾಕಿದೆ. ಗೆರೆ ನಿಂತಿತು. ಅವತ್ತಿನಿಂದ ಕ್ಯಾಸೆಟ್ ಅಂಚು ಕೆರೆಯದೆ ಯಾವ ಬ್ಲಾಕನ್ನೂ ಸಿಕ್ಕಿಸುವುದಿಲ್ಲ.

ಎಲ್ಲ ಬಿಗಿ ಇದೆ, ಕ್ಯಾಸೆಟ್ಟೂ ಸ್ವಚ್ಛ ಎಂದಾದರೆ ಬ್ಲೇಡಿನ ಕೋನ ಜಾಸ್ತಿ ಆಗಿರಬಹುದು. ಒಂದೊಂದೇ ಡಿಗ್ರಿ ಇಳಿಸಿ ನೋಡಿ. ಚಕ್ರ ಜೋರಾಗಿ ತಿರುಗಿಸುವುದೂ ಅದುರಿಸುತ್ತದೆ. ಗರ್ಭಕೋಶದಂಥ ಗಟ್ಟಿ ಟಿಶ್ಯೂವಿಗೆ ನಿಧಾನವಾದ, ಒಂದೇ ಸಮನಾದ ಕೈ ಬೇಕು.

ಇದರ ಹತ್ತಿರದ ಇನ್ನೊಂದು ದೋಷ: ಚಕ್ರದ ಒಂದು ಸುತ್ತಿನಲ್ಲಿ ದಪ್ಪ ಸೆಕ್ಷನ್, ಮುಂದಿನ ಸುತ್ತಿನಲ್ಲಿ ಏನೂ ಇಲ್ಲ. ಇಲ್ಲಿ ಕೋನ ಕಡಿಮೆ ಆಗಿರುತ್ತದೆ. ಬ್ಲೇಡಿನ ಅಂಚು ಕತ್ತರಿಸುವ ಬದಲು ಅದರ ಬೆನ್ನು ಬ್ಲಾಕನ್ನು ಒತ್ತುತ್ತದೆ. ವ್ಯಾಕ್ಸ್ ಕುಗ್ಗಿ ಜಾರಿಕೊಳ್ಳುತ್ತದೆ. ಮುಂದಿನ ಸುತ್ತಿಗೆ ಎರಡು ಸುತ್ತಿನ ದಪ್ಪ ಒಟ್ಟಿಗೆ ಬರುತ್ತದೆ. ಸೆಕ್ಷನ್ ಬ್ಲೇಡ್ ಮೇಲೆ ನಿಲ್ಲದೆ ಬ್ಲಾಕಿಗೇ ಅಂಟಿಕೊಂಡು ಮೇಲೆ ಹೋದರೂ ಮೊದಲು ಕೋನ ನೋಡಿ, ಆಮೇಲೆ ಬ್ಲೇಡಿನ ಬೆನ್ನಿಗೆ ನೀರಿನ ಹನಿ, ವ್ಯಾಕ್ಸ್ ಅಂಟಿದೆಯಾ ನೋಡಿ.

ರಿಬ್ಬನ್ ಬಾಳೆಕಾಯಿಯಂತೆ ಒಂದು ಕಡೆ ಬಾಗಿದರೆ ಬ್ಲಾಕಿನ ಮೇಲಿನ ಅಂಚೂ ಕೆಳಗಿನ ಅಂಚೂ ಸಮಾನಾಂತರ ಇಲ್ಲ. ಕೆರೆದು ಸರಿಮಾಡಿದರೆ ಮುಗಿಯಿತು.

ಚಳಿ, ಮಳೆ, ಸೆಖೆ

ಟಿಶ್ಯೂವನ್ನು ಪ್ಯಾರಫಿನ್ ವ್ಯಾಕ್ಸಿನಲ್ಲಿ ಹೂತು ಕತ್ತರಿಸುವ ಪದ್ಧತಿ 1869ರಲ್ಲಿ ಎಡ್ವಿನ್ ಕ್ಲೆಬ್ಸ್ ಕಾಲದಿಂದ ಬಂದದ್ದು. ಮಷೀನ್ ಬದಲಾಯಿತು, ಬ್ಲೇಡ್ ಬದಲಾಯಿತು. ವ್ಯಾಕ್ಸಿನ ಗುಣ ಬದಲಾಗಲಿಲ್ಲ. ಕೋಣೆ ತಣ್ಣಗಿದ್ದರೆ ಗಟ್ಟಿ, ಬೆಚ್ಚಗಿದ್ದರೆ ಮೆತ್ತಗೆ. ಹಾಗಾಗಿ "ಬ್ಲಾಕನ್ನು ಹತ್ತು ನಿಮಿಷ ಐಸ್ ಮೇಲಿಡಿ" ಎಂಬ ಮಾತನ್ನು ಊರು, ತಿಂಗಳು ನೋಡದೆ ಪಾಲಿಸಬಾರದು. ಮಂಗಳೂರಿನಲ್ಲಿ ಕಲಿತು ಬಂದವರು ಜುಲೈನಲ್ಲಿ ಮಡಿಕೇರಿಯಲ್ಲಿ ಹತ್ತು ನಿಮಿಷ ಐಸ್ ಮೇಲಿಟ್ಟರೆ ಸೆಕ್ಷನ್ ತುಂಬ ಸಣ್ಣ ಸಣ್ಣ ಬಿರುಕು. ರಿಬ್ಬನ್ ಆಗುವುದೇ ಇಲ್ಲ. ಒಂದೊಂದೂ ಸುರುಳಿಯಾಗಿ ಉದುರುತ್ತದೆ. ಇಲ್ಲಿ ಕೋಣೆಯೇ ಅರ್ಧ ಐಸಿನ ಕೆಲಸ ಮಾಡಿರುತ್ತದೆ.

ಬ್ಲಾಕ್ ತೀರಾ ತಣ್ಣಗಾಗಿದೆಯಾ ಎಂದು ನೋಡಲು ಚಕ್ರ ಲಾಕ್ ಮಾಡಿ, ಬ್ಲಾಕಿನ ಮುಖಕ್ಕೆ "ಹಾ" ಎಂದು ಮೆಲ್ಲಗೆ ಉಸಿರು ಬಿಡಿ. ಮುಂದಿನ ಸೆಕ್ಷನ್‌ನಲ್ಲಿ ಬಿರುಕು ಹೋಗಿ ರಿಬ್ಬನ್ ಕೂಡಿಕೊಂಡರೆ ಅದೇ ಕಾರಣ. ಎರಡು ನಿಮಿಷ ಸುಮ್ನೆ ಬಿಟ್ಟು ಕತ್ತರಿಸಿ. ಐಸಿನಿಂದ ತೆಗೆದ ಕೂಡಲೇ ಬರುವ ಮೊದಲ ಸೆಕ್ಷನ್‌ಗಳನ್ನು ನಂಬಬೇಡಿ. ಬ್ಲಾಕ್ ಬೆಚ್ಚಗಾಗುತ್ತಾ ಹಿಗ್ಗಿ ಮುಂದೆ ಬರುತ್ತದೆ. ಡಯಲ್‌ನಲ್ಲಿ 4 ಇದ್ದರೂ ಸೆಕ್ಷನ್ ಅದಕ್ಕಿಂತ ದಪ್ಪ ಇರುತ್ತದೆ.

ಡೀಪ್ ಫ್ರೀಜರ್‌ಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ವ್ಯಾಕ್ಸ್ ಒಡೆದು ಕ್ಯಾಸೆಟ್‌ನಿಂದಲೇ ಬಿಟ್ಟುಕೊಳ್ಳುತ್ತದೆ. ಕರಗುತ್ತಿರುವ ಐಸೇ ಒಳ್ಳೆಯದು. ಅದರ ನೀರು ಟಿಶ್ಯೂವಿನ ಮುಖಕ್ಕೆ ಸ್ವಲ್ಪ ಇಳಿದು ಮೆತ್ತಗೆ ಮಾಡುತ್ತದೆ.

ಸೆಖೆಯ ದೋಷ ಇದರ ತಿರುಗುಮುರುಗು. ಏಪ್ರಿಲ್‌ನಲ್ಲಿ ಕುಶಾಲನಗರದ ಕಡೆ ಕತ್ತರಿಸುವವರಿಗೆ ಇದು ಚೆನ್ನಾಗಿ ಗೊತ್ತು. ಸೆಕ್ಷನ್ ಸುಕ್ಕುಗಟ್ಟಿ ಮುದುಡುತ್ತದೆ. ಸ್ಕೇಲ್ ಇಟ್ಟು ಅಳೆಯಿರಿ. ಬ್ಲಾಕ್ 20 ಮಿಲಿಮೀಟರ್ ಎತ್ತರ ಇದ್ದು ಸೆಕ್ಷನ್ 15 ಮಾತ್ರ ಬಂದಿದ್ದರೆ ವ್ಯಾಕ್ಸ್ ಒತ್ತಿಹೋಗಿದೆ. ಬ್ಲಾಕ್ ಬೆಚ್ಚಗಿದೆ ಅಥವಾ ಬ್ಲೇಡ್ ಮೊಂಡಾಗಿದೆ. ಮೊದಲು ಐಸ್, ಆಮೇಲೆ ಬ್ಲೇಡ್.

ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಇನ್ನೊಂದು ಕಾಟ. ರಿಬ್ಬನ್ ಬ್ಲೇಡಿಗೆ, ಬ್ರಷ್ಷಿಗೆ, ಕೈಗೆಲ್ಲಾ ಹಾರಿ ಅಂಟುತ್ತದೆ. ಇದು ಸ್ಟ್ಯಾಟಿಕ್ ಕರೆಂಟ್. ಹತ್ತಿರದಲ್ಲಿ ಒದ್ದೆ ಬಟ್ಟೆ ಹರಡಿ. ಮಳೆಗಾಲದಲ್ಲಿ ಈ ತೊಂದರೆ ನಮಗೆ ಬರುವುದಿಲ್ಲ.

ಗೆರೆಯಿಲ್ಲ, ಆದರೂ ಕೆಟ್ಟಿದೆ

ಖಾಲಿ ಬ್ಲಾಕ್ ಚೆನ್ನಾಗಿ ಬರುತ್ತದೆ, ಸುತ್ತಲ ವ್ಯಾಕ್ಸೂ ಚೆನ್ನಾಗಿದೆ, ಟಿಶ್ಯೂ ಮಾತ್ರ ಕೆಟ್ಟಿದೆ ಎಂದರೆ ದೋಷ ಮೈಕ್ರೋಟೋಮ್‌ಗೆ ಬರುವ ಮುಂಚೆಯೇ ಆಗಿದೆ. ಬ್ಲಾಕಿನ ಮುಖವನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಟಿಶ್ಯೂವಿನ ನಡುಭಾಗ ಗುಂಡಿ ಬಿದ್ದಿದೆಯಾ, ಮೆತ್ತಗೆ ಬೆಣ್ಣೆಯಂತಿದೆಯಾ, ಕ್ಸೈಲೀನ್ ವಾಸನೆ ಬರುತ್ತಿದೆಯಾ? ಹಾಗಿದ್ದರೆ ಒಳಗೆ ವ್ಯಾಕ್ಸ್ ಇಳಿದಿಲ್ಲ. ತುಂಡು ದಪ್ಪವಾಗಿ ಕೊಯ್ದಿರಬಹುದು. ಅದು 3ರಿಂದ 4 ಮಿಲಿಮೀಟರ್ ದಾಟಬಾರದು. ಟಿಶ್ಯೂ ಕೆಡದಂತೆ ನೆನೆಸುವ ಫಾರ್ಮಲಿನ್ ಸಾಲದೇ ಇರಬಹುದು. ಅಥವಾ ಟಿಶ್ಯೂವಿನ ನೀರು ತೆಗೆಯುವ ಆಲ್ಕೋಹಾಲ್ ತಾನೇ ನೀರಾಗಿರಬಹುದು.

ಈ ಕೊನೆಯದನ್ನು ಕೊಡಗಿನಲ್ಲಿ ಜಾಸ್ತಿ ಗಮನಿಸಬೇಕು. ಶುದ್ಧ ಆಲ್ಕೋಹಾಲ್ ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ. ಮುಚ್ಚಳ ಸಡಿಲ ಬಿಟ್ಟ ಜಾಡಿ ಹೇಗೆ ಶುದ್ಧ ಉಳಿದೀತು? ಸ್ವಲ್ಪ ಆಲ್ಕೋಹಾಲ್ ತೆಗೆದು ಅದಕ್ಕೆ ನೀರಿಲ್ಲದ ಬಿಳಿ ಕಾಪರ್ ಸಲ್ಫೇಟ್ ಪುಡಿ ಹಾಕಿ. ಪುಡಿ ನೀಲಿಯಾದರೆ ಅದರಲ್ಲಿ ನೀರು ಸೇರಿದೆ, ಬದಲಿಸಿ.

ಇನ್ನೊಂದು ನಮ್ಮ ಊರಿನದೇ ಕಷ್ಟ. ರಾತ್ರಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಗುತ್ತದೆ. ಬ್ಯಾಟರಿ ಕೈಕೊಟ್ಟರೆ ಟಿಶ್ಯೂ ಪ್ರೊಸೆಸರ್ (ಟಿಶ್ಯೂ ಬುಟ್ಟಿಯನ್ನು ಫಾರ್ಮಲಿನ್, ಆಲ್ಕೋಹಾಲ್, ಕ್ಸೈಲೀನ್, ವ್ಯಾಕ್ಸ್ ಜಾಡಿಗಳಿಗೆ ಒಂದೊಂದಾಗಿ ಒಯ್ಯುವ ಮಷೀನ್) ನಡುವೆಯೇ ನಿಲ್ಲುತ್ತದೆ. ಬೆಳಿಗ್ಗೆ ಬಂದವರು ಗಾಬರಿಯಲ್ಲಿ ಮಷೀನನ್ನು ಮತ್ತೆ ಚಾಲೂ ಮಾಡುವ ಮೊದಲು ಬುಟ್ಟಿ ಯಾವ ಜಾಡಿಯಲ್ಲಿ ನಿಂತಿದೆ ಎಂದು ನೋಡಿ ಬರೆದಿಡಿ. ಫಾರ್ಮಲಿನ್‌ನಲ್ಲಿ ನಿಂತಿದ್ದರೆ ಚಿಂತೆ ಇಲ್ಲ. ಕ್ಸೈಲೀನ್‌ನಲ್ಲಿ ರಾತ್ರಿಯೆಲ್ಲಾ ಇದ್ದಿದ್ದರೆ ಟಿಶ್ಯೂ ಪೆಡಸಾಗಿ, ಬೇಸಿಗೆಯಲ್ಲಿ ಒಣಗಿದ ಗದ್ದೆಯಂತೆ ಬಿರುಕು ಬಿಡುತ್ತದೆ. ದೊಡ್ಡ ತುಂಡುಗಳ ಜೊತೆ ಚಿಕ್ಕ ಬಯಾಪ್ಸಿಯನ್ನೂ ಅಷ್ಟೇ ಹೊತ್ತು ಓಡಿಸಿದರೂ ಹೀಗೇ ಆಗುತ್ತದೆ. ಅಂಥ ಬ್ಲಾಕನ್ನು ಮೆಲ್ಲಗೆ ಟ್ರಿಮ್ ಮಾಡಿ, ಮುಖವನ್ನು ಐಸ್ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ತಕ್ಷಣ ಕೆಲವು ಸೆಕ್ಷನ್ ತೆಗೆದುಕೊಳ್ಳಿ. ವ್ಯಾಕ್ಸ್ ಇಳಿಯದ ಬ್ಲಾಕ್‌ಗೆ ಈ ಉಪಾಯ ನಡೆಯುವುದಿಲ್ಲ. ಅದನ್ನು ಕರಗಿಸಿ, ಕ್ಸೈಲೀನ್, ಆಲ್ಕೋಹಾಲ್ ಹೀಗೆ ಹಿಂದಕ್ಕೆ ಒಯ್ದು ಮತ್ತೆ ಪ್ರೊಸೆಸ್ ಮಾಡಬೇಕು. ಪ್ಯಾಥಾಲಜಿ ಡಾಕ್ಟರಿಗೆ ಆವತ್ತೇ ಹೇಳಿಬಿಡಿ. ರಿಪೋರ್ಟ್ ಒಂದು ದಿನ ತಡವಾದರೂ ಪರವಾಗಿಲ್ಲ.

ಟಿಶ್ಯೂವಿನಲ್ಲಿ ಹುಳು ತಿಂದ ಹಾಗೆ ಸಣ್ಣ ತೂತುಗಳು ಕಂಡರೆ ಪ್ರೊಸೆಸಿಂಗ್ ಮೇಲೆ ತಪ್ಪು ಹೊರಿಸಬೇಡಿ. ಅದು ಒರಟು ಟ್ರಿಮ್ಮಿಂಗ್. 15–20 ಮೈಕ್ರಾನ್‌ನಲ್ಲಿ ಟ್ರಿಮ್ ಮಾಡುವಾಗ ಬ್ಲೇಡ್ ಟಿಶ್ಯೂವಿನ ಚೂರುಗಳನ್ನು ಕಿತ್ತುಕೊಂಡು ಹೋಗುತ್ತದೆ. ಬ್ಲಾಕ್ ತಣ್ಣಗೆ ಮಾಡಿ, 4 ಮೈಕ್ರಾನ್‌ನಲ್ಲಿ ಹತ್ತು ಸೆಕ್ಷನ್ ಬಿಟ್ಟು, ಆಮೇಲಿನದನ್ನು ತೆಗೆದುಕೊಳ್ಳಿ. ಚಿಕ್ಕ ಬಯಾಪ್ಸಿಯಲ್ಲಿ ಹತ್ತು ಸೆಕ್ಷನ್ ಬಿಡುವ ಹಾಗಿಲ್ಲ, ಅಲ್ಲಿ ಮೊದಲಿನಿಂದಲೇ ತೆಳ್ಳಗೆ ಟ್ರಿಮ್ ಮಾಡಿ.

ನೀರಿನ ಮೇಲೆ

ಕತ್ತರಿಸಿದ ಸೆಕ್ಷನ್ ಅನ್ನು ವಾಟರ್ ಬಾತ್ ಎಂಬ ಬಿಸಿನೀರಿನ ತೊಟ್ಟಿಯಲ್ಲಿ ತೇಲಿಸಿ, ಸುಕ್ಕು ಬಿಟ್ಟ ಮೇಲೆ ಗಾಜಿನ ಸ್ಲೈಡಿಗೆ ಎತ್ತುತ್ತೇವೆ. ವ್ಯಾಕ್ಸ್ ಕರಗುವುದು 56–58 ಡಿಗ್ರಿಗೆ ಆದರೆ ವಾಟರ್ ಬಾತ್ 45ರ ಆಸುಪಾಸು ಇರಲಿ. ಮಷೀನಿನ ಅಂಕಿ ನಂಬದೆ ಥರ್ಮಾಮೀಟರ್ ಇಟ್ಟು ನೋಡಿ. ಸುಕ್ಕು ಬಿಡದಿದ್ದರೆ ನೀರು ತಣ್ಣಗಿದೆ. ಸೆಕ್ಷನ್ ಬಿದ್ದ ತಕ್ಷಣ ಹರಡಿ, ಚದುರಿ ಹೋದರೆ ನೀರು ಬಿಸಿ ಜಾಸ್ತಿ. ರಿಬ್ಬನ್‌ನ ಹೊಳೆಯುವ ಬದಿ ನೀರಿಗೆ ತಾಗಬೇಕು. ಹಟಮಾರಿ ಸುಕ್ಕಿದ್ದರೆ ಮೊದಲು 10 ಶೇಕಡಾ ಆಲ್ಕೋಹಾಲ್ ಮೇಲೆ ತೇಲಿಸಿ ಆಮೇಲೆ ಬಿಸಿನೀರಿಗೆ ಜಾರಿಸಿ. ಅದು ತಾನಾಗಿ ಬಿಚ್ಚಿಕೊಳ್ಳುವುದನ್ನು ನೋಡುವುದೇ ಒಂದು ಸಂತೋಷ. ಸೆಕ್ಷನ್ ಅಡಿಯಲ್ಲಿ ಗುಳ್ಳೆ ಕಂಡರೆ ನೀರು ತುಂಬಿದ ಮೇಲೆ ತಳದ ಗುಳ್ಳೆಗಳನ್ನು ಬ್ರಷ್‌ನಿಂದ ಬಿಡಿಸಿಲ್ಲ ಎಂದರ್ಥ.

ಪ್ರತಿ ಬ್ಲಾಕ್ ಆದ ಮೇಲೆ ನೀರಿನ ಮೇಲ್ಮೈಯನ್ನು ಟಿಶ್ಯೂ ಪೇಪರ್‌ನಿಂದ ಎಳೆದು ಶುಚಿ ಮಾಡಿ. ಇದನ್ನು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಹಿಂದಿನ ಬ್ಲಾಕಿನ ಒಂದು ಚೂರು ತೇಲುತ್ತಿದ್ದು ಮುಂದಿನವರ ಸ್ಲೈಡಿಗೆ ಅಂಟಿದರೆ, ಒಬ್ಬರ ಕ್ಯಾನ್ಸರ್ ಕಣ ಇನ್ನೊಬ್ಬರ ಸ್ಲೈಡಿನಲ್ಲಿ ಕಾಣುತ್ತದೆ. ಸ್ಲೈಡಿನ ಮೇಲೆ ನಂಬರನ್ನು ಸೆಕ್ಷನ್ ಎತ್ತುವ ಮುಂಚೆಯೇ, ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಬರಹ ಆಲ್ಕೋಹಾಲ್‌ನಲ್ಲಿ ಅಳಿಸಿಹೋಗುತ್ತದೆ.

ಬಣ್ಣ ಹಾಕುವಾಗ ಸೆಕ್ಷನ್ ಎದ್ದು ತೇಲಿ ಹೋಗುವುದು ಮಳೆಗಾಲದ ದೊಡ್ಡ ದೂರು. ಸ್ಲೈಡ್ ಒಣಗಿದೆ ಎಂದು ನಾವು ಅಂದುಕೊಂಡಿರುತ್ತೇವೆ, ಅದು ಒಣಗಿರುವುದಿಲ್ಲ. ಸ್ಲೈಡನ್ನು ನೆಟ್ಟಗೆ ನಿಲ್ಲಿಸಿ ಅಡಿಯ ನೀರು ಪೂರ್ತಿ ಬಸಿಯಲಿ. ಆಮೇಲೆ 60 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ. ಗಾಳಿಗೆ ಇಟ್ಟು ಒಣಗಿಸುವುದು ಇಲ್ಲಿ ಜುಲೈನಲ್ಲಿ ಆಗದ ಮಾತು.

ಮಷೀನಿನದೇ ತಪ್ಪು ಎಂದಾದಾಗ

ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ಮನೆಮನೆಯಲ್ಲಿ ಕೋವಿ, ಕತ್ತಿ ಒರೆಸಿ ತೋಕ್‌ಪೂ (ಕೋವಿ ಹೂ) ಇಡುತ್ತಾರೆ. ಅದೇ ವಾರ ನಾವು ಮೈಕ್ರೋಟೋಮ್‌ನ ತಟ್ಟೆ, ಹೋಲ್ಡರ್ ಬಿಚ್ಚಿ ಒರೆಸುತ್ತೇವೆ. ಮಳೆಗಾಲದ ತೇವಕ್ಕೆ ಎಲ್ಲೆಲ್ಲಿ ತುಕ್ಕು ಹಿಡಿದಿದೆ ಎಂದು ಆಗ ಕಾಣುತ್ತದೆ. ಜೂನ್‌ನಿಂದಲೇ ದಿನಾ ಸಂಜೆ ವ್ಯಾಕ್ಸ್ ಪುಡಿ ಗುಡಿಸಿ, ಜಾರುವ ಭಾಗಗಳಿಗೆ ಕಂಪನಿ ಹೇಳಿದ ಎಣ್ಣೆಯನ್ನೇ ತೆಳ್ಳಗೆ ಹಚ್ಚಿ, ಕವರ್ ಒಳಗೆ ಸಿಲಿಕಾ ಜೆಲ್ ಚೀಲ ಇಟ್ಟರೆ ತುಕ್ಕು ಹತ್ತಿರ ಬರುವುದಿಲ್ಲ.

ಇಷ್ಟೆಲ್ಲಾ ನೋಡಿಯೂ ಖಾಲಿ ವ್ಯಾಕ್ಸ್ ಬ್ಲಾಕಿನಲ್ಲಿ, ಹೊಸ ಬ್ಲೇಡಿನಲ್ಲಿ, ಎಲ್ಲ ಬಿಗಿ ಇದ್ದಾಗಲೂ ದಪ್ಪ-ತೆಳು ಬರುತ್ತಿದ್ದರೆ ಒಳಗಿನ ಯಂತ್ರ ಸವೆದಿದೆ. ಅದಕ್ಕೆ ನಾವು ಕೈ ಹಾಕಬಾರದು. ಸರ್ವಿಸ್ ಎಂಜಿನಿಯರ್ ಘಾಟಿ ಹತ್ತಿ ಬರಲು ಎರಡು ಮೂರು ದಿನ ಬೇಕಾಗುತ್ತದೆ. ಅಷ್ಟರಲ್ಲಿ ಖಾಲಿ ಬ್ಲಾಕಿನ ಕೆಟ್ಟ ರಿಬ್ಬನ್ ಒಂದನ್ನು ಕಪ್ಪು ಕಾಗದದ ಮೇಲೆ ಮಲಗಿಸಿ ಡಬ್ಬಿಯಲ್ಲಿ ಮುಚ್ಚಿಡಿ. ಪಕ್ಕದಲ್ಲಿ ಬಿಳಿ ಪೆನ್ಸಿಲ್‌ನಲ್ಲಿ ಬರೆಯಿರಿ: ಯಾವ ದಿನ, ಕೋಣೆ ಎಷ್ಟು ಡಿಗ್ರಿ, ಡಯಲ್ ಎಷ್ಟು ಮೈಕ್ರಾನ್, ಕೋನ ಎಷ್ಟು, ಗೆರೆ ಉದ್ದವೋ ಅಡ್ಡವೋ. ಅವರು ಬಂದ ಕೂಡಲೇ ಮೊದಲು ಆ ಡಬ್ಬಿ ಕೊಡಿ.